ಪ್ರತಿಭೆ ನಮ್ಮದು, ಅರ್ಜಿ ಸೈಬರ್ ಸೆಂಟರಿನದು!



ಎರಡು ವರ್ಷದ ಹಿಂದಿನ ಮಾತು. ಶಿಡ್ಲಘಟ್ಟದ ಒಂದು ಸೈಬರ್ ಸೆಂಟರ್. ಸಂಜೆ ಏಳು ಗಂಟೆ. ಮೆಟ್ಟಿಲ ಮೇಲೆ ಒಬ್ಬ ಅಪ್ಪ, ಪಕ್ಕದಲ್ಲಿ ಮಗಳು. ಅಪ್ಪ ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ಕೂಲಿ. ಬಿಸಿನೀರಿನಲ್ಲಿ ಗೂಡು ಕೆದಕಿ ಕೆದಕಿ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿವೆ. ಮಗಳು ಸರ್ಕಾರಿ ಶಾಲೆಯಲ್ಲಿ ಒಂಬತ್ತನೇ ತರಗತಿ. ಎಂಟರಲ್ಲಿದ್ದಾಗ ಎನ್‌ಎಂಎಂಎಸ್ ಪರೀಕ್ಷೆ ಬರೆದಳು. ಕನ್ನಡದಲ್ಲೇ ಬರೆದಳು. ಪಾಸಾದಳು. ಆಯ್ಕೆ ಪಟ್ಟಿಯಲ್ಲಿ ಹೆಸರೂ ಬಂತು. ತಿಂಗಳಿಗೆ 1,000 ರೂಪಾಯಿ, ವರ್ಷಕ್ಕೆ 12,000, ಒಂಬತ್ತರಿಂದ ಎರಡನೇ ಪಿಯುಸಿವರೆಗೆ ನಾಲ್ಕು ವರ್ಷ. ಒಟ್ಟು 48,000 ರೂಪಾಯಿ! ಅಪ್ಪನ ಮುಖದಲ್ಲಿದ್ದ ಬೆಳಕನ್ನು ನೀವು ನೋಡಬೇಕಿತ್ತು.

ಆಯ್ಕೆಯಾದ ಮೇಲೂ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ಮತ್ತೊಂದು ಅರ್ಜಿ ಹಾಕಬೇಕು. ಅದಕ್ಕೇ ಅವರು ಅಲ್ಲಿ ಕೂತಿದ್ದರು. ಒಳಗಿದ್ದ ಹುಡುಗ ಟಕಟಕ ಕುಟ್ಟಿದ, ನೂರು ರೂಪಾಯಿ ತೆಗೆದುಕೊಂಡ, ಒಂದು ಪ್ರಿಂಟ್ ಕೈಗಿತ್ತ. ಮುಗಿಯಿತು ಅಂದುಕೊಂಡು ಅಪ್ಪ ಮಗಳು ಮನೆಗೆ ಹೋದರು.

ಮುಗಿದಿರಲಿಲ್ಲ. ಆ ಹುಡುಗಿಯ ಹೆಸರಿನಲ್ಲಿ ಒಂದು 'ಕ್ಷ' ಇದೆ. ಕನ್ನಡದಲ್ಲಿ ಅದನ್ನು ಬರೆಯುವುದು ಒಂದೇ ರೀತಿ. ಇಂಗ್ಲಿಷಿನಲ್ಲಿ ಮಾತ್ರ ಶಾಲೆಯ ದಾಖಲೆಯಲ್ಲಿ 'ಕೆ-ಎಸ್-ಎಚ್', ಆಧಾರ್ ಕಾರ್ಡಿನಲ್ಲಿ 'ಎಕ್ಸ್'. ಹೆಸರು ತಾಳೆಯಾಗಲಿಲ್ಲ. ತಿದ್ದಿ ಕಳಿಸಿ ಎಂದು ಅರ್ಜಿ ವಾಪಸು ಬಂತು. ಸಂದೇಶವೂ ಬಂತು. ಯಾರ ಮೊಬೈಲಿಗೆ? ಸೈಬರ್ ಸೆಂಟರಿನ ಹುಡುಗನ ಮೊಬೈಲಿಗೆ! ಓಟಿಪಿ ಬೇಗ ಸಿಗಲೆಂದು ಅವನು ತನ್ನ ನಂಬರನ್ನೇ ಹಾಕಿದ್ದ. ದಿನಕ್ಕೆ ಇಂಥ ಅರ್ಧ ಶತಕ ಅರ್ಜಿ ಹಾಕುವವನಿಗೆ ಯಾವ ಸಂದೇಶ ಯಾರದ್ದೆಂದು ನೆನಪಿರುತ್ತದೆಯೇ? ಕೊನೆಯ ದಿನ ದಾಟಿತು. 48,000 ರೂಪಾಯಿ ಒಂದು ಅಕ್ಷರದಲ್ಲಿ ಮುಳುಗಿತು.

ಈಗ ಹೇಳಿ, ಆ ಹುಡುಗಿಗೆ ಯಾವುದರ ಕೊರತೆಯಿತ್ತು? ಬುದ್ಧಿಯದ್ದೇ? ಓದಿನದ್ದೇ? ಆ ಮೆಟ್ಟಿಲ ಮೇಲೆ ಅವಳ ಪಕ್ಕ ಕೂತು ಫಾರಂ ಓದಿ ಹೇಳುವ ಒಬ್ಬ ಅಣ್ಣ, ಒಬ್ಬಳು ಅಕ್ಕ ಇರಲಿಲ್ಲ. ಅಷ್ಟೇ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಿಂದ ದಿನಾ ಬೆಳಿಗ್ಗೆ ಬಸ್ಸು ರೈಲು ಹಿಡಿದು ದೇವನಹಳ್ಳಿ, ಯಲಹಂಕ, ಬೆಂಗಳೂರಿಗೆ ಕೆಲಸಕ್ಕೆ ಕಾಲೇಜಿಗೆ ಓಡುವ ಗೆಳೆಯರೇ, ಆ ಅಣ್ಣ ನೀವೇ, ಆ ಅಕ್ಕ ನೀವೇ. ನೀವು ಅಲ್ಲಿರಲಿಲ್ಲ. ನಾನೂ ತಡವಾಗಿ ಹೋದೆ. ಸಂದೇಶದ ಕಥೆ ನನಗೆ ಗೊತ್ತಾದಾಗ ಪೋರ್ಟಲ್ ಮುಚ್ಚಿತ್ತು.

ನಮ್ಮ ಈ ಮಣ್ಣಿಗೆ ಸ್ಕಾಲರ್‌ಶಿಪ್ ಹೊಸದೇನಲ್ಲ. ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯ ಒಬ್ಬ ಹುಡುಗ ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ. ಚಿಕ್ಕಬಳ್ಳಾಪುರದಲ್ಲಿ ಶಾಲೆ ಕಲಿತು, ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದ. ಮುಂದೆ ಓದಲು ಕೈಯಲ್ಲಿ ಕಾಸಿರಲಿಲ್ಲ. ಅಂದಿನ ಮೈಸೂರು ಸರ್ಕಾರ ಅವನಿಗೆ ವಿದ್ಯಾರ್ಥಿವೇತನ ಕೊಟ್ಟು ಪುಣೆಯ ವಿಜ್ಞಾನ ಕಾಲೇಜಿಗೆ ಕಳಿಸಿತು. 1883ರ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಆ ಹುಡುಗ ಮೊದಲ ಸ್ಥಾನ ಪಡೆದ. ಅವನ ಹೆಸರು ಮೋಕ್ಷಗುಂಡಂ ವಿಶ್ವೇಶ್ವರಯ್ಯ. ಅವರು ದಿವಾನರಾಗಿದ್ದಾಗಲೇ 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು. ಸರ್ಕಾರ ಒಬ್ಬ ಬಡ ಹುಡುಗನ ಮೇಲೆ ಹಾಕಿದ ಹಣ ನಾಡಿಗೆ ಯಾವ ಬಡ್ಡಿಯಲ್ಲಿ ವಾಪಸು ಬಂತು, ನೀವೇ ಲೆಕ್ಕ ಹಾಕಿ.

ಇನ್ನೊಬ್ಬರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. 1935ರಲ್ಲಿ ಹೈಸ್ಕೂಲು ಓದಲು ಬೆಂಗಳೂರಿಗೆ ಹೊರಟರು. ಬಸ್ಸಿಗೆ ಕಾಸಿಲ್ಲ. ನಡೆದೇ ಹೋದರು! ಬಡ ಹುಡುಗರ ವಿದ್ಯಾರ್ಥಿನಿಲಯದ ಅನ್ನ ತಿಂದು ಓದಿದರು. 1936ರಲ್ಲಿ ಗಾಂಧೀಜಿ ಆ ಶಾಲೆಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಅನುವಾದಿಸಿ ಹೇಳಿದ ಹುಡುಗ ಇವರೇ. ಮುಂದೆ ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್, ಆಮೇಲೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಎಚ್. ನರಸಿಂಹಯ್ಯನವರು ಗೌರಿಬಿದನೂರಿಗೂ ಬಾಗೇಪಲ್ಲಿಗೂ ನ್ಯಾಷನಲ್ ಕಾಲೇಜು ತಂದದ್ದು ತಾವು ನಡೆದ ಹಾದಿಯನ್ನು ಮರೆಯದೇ ಇದ್ದುದರಿಂದ.

ಇವರ ಹೆಸರಿನ ಸರ್ಕಲ್ಲಿಗೆ ಹಾರ ಹಾಕಿ ಫೋಟೋ ತೆಗೆಸಿಕೊಳ್ಳುವುದು ಸುಲಭ. ಇವತ್ತಿನ ಮುದ್ದೇನಹಳ್ಳಿ ಹುಡುಗನ ಫಾರಂ ತುಂಬುವುದು ಕಷ್ಟ. ನಾವು ಸುಲಭವಾದದ್ದನ್ನೇ ಮಾಡುತ್ತಾ ಬಂದಿದ್ದೇವೆ.

ಭಾಷೆಯ ಗೋಡೆ ಎಲ್ಲಿದೆ ಎಂದು ಕೇಳುವವರಿಗೆ ಒಂದು ಉದಾಹರಣೆ. ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆ, ಅಂದರೆ ಕೆವಿಪಿವೈ. 1999ರಲ್ಲಿ ಶುರುವಾದದ್ದು. ವಿಜ್ಞಾನ ಓದುವ ಜಾಣ ಮಕ್ಕಳನ್ನು ಆರಿಸುವ ದೊಡ್ಡ ಪರೀಕ್ಷೆ. ಅದನ್ನು ನಡೆಸುತ್ತಿದ್ದದ್ದು ನಮ್ಮ ಬೆಂಗಳೂರಿನಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆ. ಪ್ರಶ್ನೆಪತ್ರಿಕೆ ಯಾವ ಭಾಷೆಯಲ್ಲಿ? ಇಂಗ್ಲಿಷ್ ಮತ್ತು ಹಿಂದಿ! ಮೈಸೂರು ಅರಸರು ಕೊಟ್ಟ ಜಾಗದ ಮೇಲೆ ಬೆಳೆದ ಸಂಸ್ಥೆ, ಕನ್ನಡ ಮಾಧ್ಯಮದ ಹುಡುಗನಿಗೆ ಕನ್ನಡದ ಪ್ರಶ್ನೆಪತ್ರಿಕೆಯಿಲ್ಲ. ಬಿಹಾರದ ಹುಡುಗ ತನ್ನ ಶಾಲೆಯ ಭಾಷೆಯಲ್ಲಿ ಬರೆಯಬಹುದು, ಬಾಗೇಪಲ್ಲಿಯ ಹುಡುಗ ಬರೆಯುವಂತಿಲ್ಲ. ಇದನ್ನು ಪ್ರಶ್ನಿಸಿ 2021ರಲ್ಲಿ ಮದ್ರಾಸ್ ಹೈಕೋರ್ಟಿನ ಮೆಟ್ಟಿಲು ಹತ್ತಿದವರು ತಮಿಳುನಾಡಿನವರು. ನಾವು ಹತ್ತಲಿಲ್ಲ. ಪರೀಕ್ಷೆ ಮುಂದಕ್ಕೆ ಹೋಯಿತು, 2022ರಲ್ಲಿ ಆ ಯೋಜನೆಯನ್ನೇ ಇನ್‌ಸ್ಪೈರ್ ಯೋಜನೆಯೊಳಗೆ ಸೇರಿಸಿ ಕೈತೊಳೆದುಕೊಂಡರು. ಇಪ್ಪತ್ತಕ್ಕೂ ಹೆಚ್ಚು ವರ್ಷ ಆ ಬಾಗಿಲು ಕನ್ನಡ ಮಾಧ್ಯಮದವರಿಗೆ ಅರ್ಧ ಮುಚ್ಚಿಯೇ ಇತ್ತು.

ಎನ್‌ಎಂಎಂಎಸ್ ಹಾಗಲ್ಲ. ಅದರ ಬಾಗಿಲು ತೆರೆದಿದೆ, ಕನ್ನಡದಲ್ಲೇ ಬರೆಯಬಹುದು. ತೆರೆದ ಬಾಗಿಲಲ್ಲೂ ನಮ್ಮ ಮಕ್ಕಳು ಎಡವುತ್ತಿದ್ದಾರೆ ಎಂಬುದೇ ನನ್ನ ಸಂಕಟ. ಹಾಗಾಗಿ ಇದರ ಒಳಹೊರಗನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಇದು ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ ಮಾತ್ರ. ಖಾಸಗಿ ಶಾಲೆಯವರಿಗಿಲ್ಲ. ನವೋದಯ, ಕೇಂದ್ರೀಯ ವಿದ್ಯಾಲಯ, ಸರ್ಕಾರವೇ ಊಟ ವಸತಿ ಕೊಡುವ ವಸತಿ ಶಾಲೆಗಳವರಿಗೂ ಇಲ್ಲ. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಬಾರದು. ಏಳನೇ ತರಗತಿಯಲ್ಲಿ ನೂರಕ್ಕೆ 55 ಅಂಕ ಬೇಕು, ಪರಿಶಿಷ್ಟ ಜಾತಿ ಪಂಗಡದವರಿಗೆ 50. ಪರೀಕ್ಷೆಯಲ್ಲಿ ಎರಡು ಪತ್ರಿಕೆ. ಒಂದು ಬೌದ್ಧಿಕ ಸಾಮರ್ಥ್ಯದ್ದು, ಇನ್ನೊಂದು ಏಳು ಎಂಟನೇ ತರಗತಿಯ ವಿಜ್ಞಾನ, ಸಮಾಜ, ಗಣಿತದ್ದು. ತಲಾ 90 ಪ್ರಶ್ನೆ, 90 ನಿಮಿಷ. ಪ್ರಶ್ನೆಗೆ ಒಂದೇ ನಿಮಿಷ! ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬಾರದು. ಈ ಒಂದು ಮಾತು ಗೊತ್ತಿಲ್ಲದೆ ಹತ್ತು ಹದಿನೈದು ಪ್ರಶ್ನೆ ಹಾಗೇ ಬಿಟ್ಟು ಬರುವ ಮಕ್ಕಳನ್ನು ನಾನು ಕಂಡಿದ್ದೇನೆ. ಯಾರಾದರೂ ಹೇಳಿದ್ದರೆ ತಾನೇ?

ಎರಡನೇ ಪತ್ರಿಕೆಗೆ ಶಾಲೆಯ ಪುಸ್ತಕ ಸಾಕು. ಮೊದಲನೆಯದು ಹಾಗಲ್ಲ. ಸಂಖ್ಯಾಸರಣಿ, ಸಂಕೇತಾಕ್ಷರ, ಗುಂಪಿಗೆ ಸೇರದ ಚಿತ್ರ. ಇದು ಪಾಠದಲ್ಲಿಲ್ಲ, ಅಭ್ಯಾಸದಲ್ಲಿದೆ. ಹಳೆಯ ಪ್ರಶ್ನೆಪತ್ರಿಕೆ ಹಿಡಿದು, ಗಡಿಯಾರ ಮುಂದಿಟ್ಟುಕೊಂಡು, ವಾರಕ್ಕೆ ಒಂದರಂತೆ ಬರೆಸಿದರೆ ಮೂರು ತಿಂಗಳಲ್ಲಿ ಮಗುವಿನ ಕೈ ಪಳಗುತ್ತದೆ. ಇದಕ್ಕೆ ಕೋಚಿಂಗ್ ಸೆಂಟರ್ ಬೇಡ. ಭಾನುವಾರದ ಎರಡು ಗಂಟೆ ಬೇಕು. ಅಂದಹಾಗೆ, ಕೋಚಿಂಗಿನ ಬೋರ್ಡಿನಲ್ಲಿ ಎನ್‌ಟಿಎಸ್‌ಇ ಹೆಸರು ಕಂಡರೆ ಒಳಗೆ ಹೋಗಿ ಒಂದು ಪ್ರಶ್ನೆ ಕೇಳಿ. 2021ರಲ್ಲೇ ನಿಂತುಹೋದ ಪರೀಕ್ಷೆಗೆ ಯಾವ ಪಾಠ ಹೇಳುತ್ತೀರಿ ಸ್ವಾಮಿ ಎಂದು.

ಕಾಗದಪತ್ರದ ವಿಷಯಕ್ಕೆ ಬರೋಣ. ಕಥೆ ಮುಳುಗುವುದೇ ಇಲ್ಲಿ. ಮಗು ಏಳನೇ ತರಗತಿಯಲ್ಲಿ ಇರುವಾಗಲೇ ಶಾಲೆಯ ದಾಖಲೆ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಒಂದು ಮೇಜಿನ ಮೇಲೆ ಹರಡಿ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ತಾಳೆ ನೋಡಿ. ನಮ್ಮ ಹೆಸರುಗಳ ಗತಿಯೇ ಹಾಗೆ. ಮಂಜುನಾಥನ ಬಾಲದಲ್ಲಿ ಒಂದು ಕಡೆ 'ಎ' ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ಅಪ್ಪನ ಹೆಸರಿನ ಇನಿಷಿಯಲ್ ಶಾಲೆಯಲ್ಲಿ ಮುಂದೆ, ಆಧಾರಿನಲ್ಲಿ ಹಿಂದೆ. ಕನ್ನಡದಲ್ಲಿ ಓದಿದರೆ ಇಬ್ಬರೂ ಒಬ್ಬನೇ ಹುಡುಗ, ಕಂಪ್ಯೂಟರಿಗೆ ಮಾತ್ರ ಇಬ್ಬರು. ಈ ಜಗಳ ದೊಡ್ಡದು, ಅದನ್ನು ಮಾಡೋಣ. ನಮ್ಮ ಹೆಸರನ್ನು ನಮ್ಮ ಲಿಪಿಯಲ್ಲೇ ತಾಳೆ ನೋಡಿ ಎಂದು ಗಟ್ಟಿಯಾಗಿ ಕೇಳೋಣ. ಆದರೆ ಆ ಜಗಳ ಗೆಲ್ಲುವವರೆಗೆ ಮಗುವಿನ ಅರ್ಜಿ ಕಾಯುವುದಿಲ್ಲ. ಇವತ್ತು ಆಧಾರ್ ಕೇಂದ್ರಕ್ಕೆ ಹೋಗಿ ತಿದ್ದಿಸಿ, ನಾಳೆ ಜಗಳಕ್ಕೆ ಬನ್ನಿ.

ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಮೊದಲೇ ಅರ್ಜಿ ಹಾಕಿಸಿ. ಕೊನೆಯ ವಾರದಲ್ಲಿ ಎಲ್ಲರೂ ಅಲ್ಲೇ ಇರುತ್ತಾರೆ, ಸರ್ವರ್ ಮಾತ್ರ ಇರುವುದಿಲ್ಲ. ಪ್ರಮಾಣಪತ್ರದ ಮೇಲಿನ ಆರ್.ಡಿ. ನಂಬರನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲಿನಲ್ಲೂ ಕೇಳುವುದು ಅದನ್ನೇ. ಬ್ಯಾಂಕಿನಲ್ಲಿ ಖಾತೆ ಇದ್ದರೆ ಸಾಲದು, ಅದಕ್ಕೆ ಆಧಾರ್ ಜೋಡಣೆ ಆಗಿರಬೇಕು. ಎರಡು ಖಾತೆ ಇದ್ದರೆ ಹಣ ಬರುವುದು ಆಧಾರ್ ಜೋಡಣೆಯಾದ ಖಾತೆಗೆ, ನೀವು ಕಾಯುತ್ತಿರುವ ಖಾತೆಗಲ್ಲ. ಅರ್ಜಿ ಹಾಕಿದ ಮೇಲೆ ಶಾಲೆಯ ನೋಡಲ್ ಅಧಿಕಾರಿ ಅದನ್ನು ಪರಿಶೀಲಿಸಿ ಮುಂದೆ ಕಳಿಸಬೇಕು. ಕಳಿಸಿದರೋ ಇಲ್ಲವೋ ಎಂದು ಹೋಗಿ ವಿಚಾರಿಸುವುದು ತಪ್ಪಲ್ಲ, ಮೇಷ್ಟ್ರಿಗೂ ನೂರೆಂಟು ಕೆಲಸ. ಇನ್ನು ಒಮ್ಮೆ ಸಿಕ್ಕಿತೆಂದು ಸುಮ್ಮನಾಗುವ ಹಾಗಿಲ್ಲ, ಪ್ರತಿ ವರ್ಷ ನವೀಕರಣ ಮಾಡಿಸಬೇಕು. ಹತ್ತನೇ ತರಗತಿಯಲ್ಲಿ ನೂರಕ್ಕೆ 60 ಬರದಿದ್ದರೆ ಪಿಯುಸಿಯಲ್ಲಿ ನಿಂತುಹೋಗುತ್ತದೆ, ಪರಿಶಿಷ್ಟರಿಗೆ ಐದು ಅಂಕದ ರಿಯಾಯಿತಿ ಇದೆ.

ಪೋರ್ಟಲಿನಲ್ಲಿ ಅರ್ಜಿಗೆ ಶುಲ್ಕವಿಲ್ಲ. "ಸ್ಕಾಲರ್‌ಶಿಪ್ ಮಾಡಿಸಿಕೊಡ್ತೀನಿ, ಎರಡು ಸಾವಿರ ಕೊಡಿ" ಎನ್ನುವವನು ಸಿಕ್ಕರೆ ಪೊಲೀಸ್ ಠಾಣೆಯ ದಾರಿ ತೋರಿಸಿ.

ಇದು ಮಕ್ಕಳ ಮಾತಾಯಿತು. ನಿಮ್ಮ ಮಾತೇನು? ಪಿಯುಸಿ ಮುಗಿಸಿ ಡಿಗ್ರಿಗೆ ಸೇರಿದ್ದೀರಿ. ಕೇಂದ್ರ ವಲಯದ ವಿದ್ಯಾರ್ಥಿವೇತನ ಎಂಬುದು ಒಂದಿದೆ, ನಿಮ್ಮಲ್ಲಿ ಎಷ್ಟು ಜನ ಅರ್ಜಿ ಹಾಕಿದ್ದೀರಿ? ದೇಶಕ್ಕೆಲ್ಲ ವರ್ಷಕ್ಕೆ 82,000 ಮಂದಿಗೆ ಹೊಸದಾಗಿ ಕೊಡುವಂಥದ್ದು, ಅರ್ಧ ಹೆಣ್ಣುಮಕ್ಕಳಿಗೆ. ಪಿಯುಸಿಯಲ್ಲಿ ನಿಮ್ಮ ವಿಭಾಗದ ಪಾಸಾದವರ ಪೈಕಿ ಮೇಲಿನ ನೂರಕ್ಕೆ ಇಪ್ಪತ್ತರಲ್ಲಿ ಇರಬೇಕು, ಮನೆಯ ಆದಾಯ ನಾಲ್ಕೂವರೆ ಲಕ್ಷದೊಳಗೆ ಇರಬೇಕು. ಪದವಿಗೆ ವರ್ಷಕ್ಕೆ 12,000, ಸ್ನಾತಕೋತ್ತರಕ್ಕೆ 20,000. ಕಲಾ ವಿಭಾಗದವರಿಗೂ ಇದೆ. "ನಮಗೆಲ್ಲಿ ಬರುತ್ತೆ ಬಿಡಿ ಸಾರ್" ಎಂದು ಚಿಂತಾಮಣಿಯ ಕಾಲೇಜಿನ ಮುಂದೆ ಒಬ್ಬ ಹೇಳಿದ. ಅರ್ಜಿ ಹಾಕಿದ್ದೆಯಾ ಎಂದರೆ ಇಲ್ಲ. ಅಂಕ ಎಷ್ಟು ಎಂದರೆ ನೂರಕ್ಕೆ 91! ಈ ದೈನ್ಯವನ್ನು ನಮಗೆ ಯಾರು ಕಲಿಸಿದರು?

ದೊಡ್ಡ ಟ್ರಸ್ಟುಗಳ, ವಿದೇಶಿ ವಿಶ್ವವಿದ್ಯಾಲಯಗಳ ಸ್ಕಾಲರ್‌ಶಿಪ್ಪಿನಲ್ಲಿ ಇನ್ನೊಂದು ಗಂಡಾಂತರವಿದೆ. ನಿಮ್ಮ ಬಗ್ಗೆ ನೀವೇ ಒಂದೆರಡು ಪುಟ ಬರೆಯಿರಿ ಎನ್ನುತ್ತಾರೆ, ಇಂಗ್ಲಿಷಿನಲ್ಲಿ. ಆಗ ನಮ್ಮವರು ಗಾಬರಿಯಾಗಿ ಯಾರದ್ದೋ ಹಳೇ ಅರ್ಜಿ ತಂದು ನಕಲು ಹೊಡೆಯುತ್ತಾರೆ. ಈಗೀಗ ಯಂತ್ರಕ್ಕೆ ಹೇಳಿ ಬರೆಸುತ್ತಾರೆ. "ನಾನು ಬಾಲ್ಯದಿಂದಲೂ ಕಠಿಣ ಪರಿಶ್ರಮಿ, ದೇಶಸೇವೆ ನನ್ನ ಗುರಿ." ಸಾವಿರ ಅರ್ಜಿ ಓದುವವನಿಗೆ ಇದು ಒಂಬೈನೂರನೇ ದೇಶಸೇವೆ. ಪಕ್ಕಕ್ಕಿಡುತ್ತಾನೆ.

ಮೊದಲು ಕನ್ನಡದಲ್ಲಿ ಬರೆಯಿರಿ. ಅಭಿಮಾನಕ್ಕಾಗಿ ಹೇಳುತ್ತಿಲ್ಲ, ಗೆಲ್ಲುವುದಕ್ಕಾಗಿ ಹೇಳುತ್ತಿದ್ದೇನೆ. ಬಾರದ ಭಾಷೆಯಲ್ಲಿ ಬರೆಯುವಾಗ ಬರುವ ವಾಕ್ಯವನ್ನು ಬರೆಯುತ್ತೀರಿ, ಇರುವ ಸಂಗತಿಯನ್ನಲ್ಲ. ಮನೆಯ ಭಾಷೆ ತೆಲುಗೋ ಉರ್ದುವೋ ಆಗಿದ್ದರೆ ಅದರಲ್ಲೇ ಯೋಚಿಸಿ. ಗೌರಿಬಿದನೂರು ಚಿಂತಾಮಣಿಯ ಎಷ್ಟೋ ಮನೆಗಳಲ್ಲಿ ತೆಲುಗು, ಶಿಡ್ಲಘಟ್ಟದ ರೀಲಿಂಗ್ ಕೇರಿಗಳಲ್ಲಿ ಉರ್ದು. ಕನ್ನಡ ಶಾಲೆಯಲ್ಲಿ ಕೂತು ಕಲಿತ ಆ ಮಕ್ಕಳೂ ಕನ್ನಡದ ಮಕ್ಕಳೇ, ಇದರಲ್ಲಿ ಯಾರಿಗೂ ಅನುಮಾನ ಬೇಡ.

ಶಿಡ್ಲಘಟ್ಟದ ಹುಡುಗಿ ಹುಳು ಮನೆಯಲ್ಲಿ ಬೆಳೆದವಳು. ಹುಳುವಿಗೆ ನಾಲ್ಕು ಜ್ವರ, ಒಂದೊಂದು ಜ್ವರದಲ್ಲೂ ಸೊಪ್ಪು ನಿಲ್ಲಿಸಬೇಕು ಎಂದು ಅವಳಿಗೆ ಗೊತ್ತು. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವುದು ಗೊತ್ತು. ಗೂಡನ್ನು ಬೇಯಿಸುವುದು ಅದರ ಅಂಟು ಸಡಿಲವಾಗಿ ಎಳೆ ಬಿಚ್ಚಲಿ ಎಂದು. ಆ ಅಂಟಿಗೆ ವಿಜ್ಞಾನದಲ್ಲಿ ಸೆರಿಸಿನ್ ಎಂದು ಹೆಸರು. ರಸಾಯನಶಾಸ್ತ್ರ ಓದಲು ಹೊರಟ ಆ ಹುಡುಗಿ ಬೇರೇನು ಬರೆಯಬೇಕು? ನೀರಿನ ಬಿಸಿ ಹೆಚ್ಚಾದ ದಿನ ಎಳೆ ಯಾಕೆ ತುಂಡಾಯಿತು ಎಂದು ಅಪ್ಪನನ್ನು ಕೇಳಿದ್ದು, ಅಪ್ಪ ಹೇಳಿದ್ದು, ಪುಸ್ತಕದಲ್ಲಿ ಆಮೇಲೆ ಸಿಕ್ಕಿದ್ದು, ಇನ್ನೂ ತಿಳಿಯದೆ ಉಳಿದದ್ದು. ಆ ಒಂದು ಪುಟಕ್ಕೆ ದಿಲ್ಲಿಯ ದೊಡ್ಡ ಶಾಲೆಯ ಯಾವ ಹುಡುಗ ಸಾಟಿ? ಗೌರಿಬಿದನೂರಿನ ಹೊರಗೆ ದೂರದೇಶದ ಅಣುಸ್ಫೋಟದ ಕಂಪನವನ್ನೂ ಹಿಡಿಯುವ ಭೂಕಂಪನ ಕೇಂದ್ರ 1960ರ ದಶಕದಿಂದ ಇದೆ, ಆಕಾಶದ ರೇಡಿಯೊ ಅಲೆ ಹಿಡಿಯುವ ದೂರದರ್ಶಕ 1970ರ ದಶಕದಿಂದ ಇದೆ. ಅದರ ಬೇಲಿ ಪಕ್ಕ ಕುರಿ ಮೇಯಿಸಿದವನು ಒಳಗೇನಿದೆ ಎಂದು ಒಮ್ಮೆಯಾದರೂ ಯೋಚಿಸಿದ್ದರೆ ಅದನ್ನೇ ಬರೆಯಲಿ. ಸುಳ್ಳು ಮಾತ್ರ ಬೇಡ. ಬಡತನವನ್ನು ಉಬ್ಬಿಸಿ ಕಣ್ಣೀರು ಹಾಕುವುದೂ ಬೇಡ. ಕೊಡುವವರು ನೋಡುವುದು ನೀವು ಏನು ಮಾಡಿದಿರಿ ಎಂದು.

ಆಮೇಲೆ ಇಂಗ್ಲಿಷಿಗೆ ತನ್ನಿ. ಚಿಕ್ಕ ವಾಕ್ಯ ಸಾಕು. ಇಂಗ್ಲಿಷ್ ಬಲ್ಲ ಒಬ್ಬರಿಗೆ ತೋರಿಸಿ ವ್ಯಾಕರಣ ತಿದ್ದಿಸಿ, ಸಂಗತಿಯನ್ನು ತಿದ್ದಲು ಬಿಡಬೇಡಿ.

ಶಿಫಾರಸು ಪತ್ರಕ್ಕೆ ಶಾಸಕರ ಮನೆ ಮುಂದೆ ನಿಲ್ಲುವ ಚಾಳಿ ಬಿಡಿ. ಲೆಟರ್‌ಹೆಡ್ ದೊಡ್ಡದಾದರೆ ಪತ್ರ ದೊಡ್ಡದಾಗುವುದಿಲ್ಲ. ನಿಮ್ಮನ್ನು ಲ್ಯಾಬಿನಲ್ಲಿ ಕಂಡ, ನಿಮ್ಮ ಪ್ರಶ್ನೆಗೆ ಉತ್ತರ ಹುಡುಕಿದ ಮೇಷ್ಟ್ರನ್ನು ಕೇಳಿ. ಮೂರು ವಾರ ಮೊದಲು ಕೇಳಿ. ನೀವು ಮಾಡಿದ ಕೆಲಸವನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟು ಕೇಳಿ. ಸಂದರ್ಶನಕ್ಕೆ ಕರೆದರೆ ಕನ್ನಡದಲ್ಲಿ ಉತ್ತರಿಸಬಹುದೇ ಎಂದು ತಲೆಯೆತ್ತಿ ಕೇಳಿ. ಇಲ್ಲ ಎಂದರೆ ಗೊತ್ತಿರುವ ಇಂಗ್ಲಿಷಿನಲ್ಲೇ ನಿಧಾನವಾಗಿ ಹೇಳಿ. ತಪ್ಪು ಇಂಗ್ಲಿಷಿಗೆ ಯಾರೂ ಸತ್ತಿಲ್ಲ, ಬಾಯಿ ಬಿಡದೆ ಎದ್ದು ಬಂದವರು ಮಾತ್ರ ಬರಿಗೈಯಲ್ಲಿ ಬಂದಿದ್ದಾರೆ.

ಧ್ವಜ ಹಿಡಿಯಲು ಕರೆದರೆ ನೀವು ಬರುತ್ತೀರಿ, ನನಗೆ ಗೊತ್ತು. ನವೆಂಬರಿನಲ್ಲಿ ಆರ್ಕೆಸ್ಟ್ರಾ ಇಟ್ಟರೆ ಇನ್ನೂ ಹೆಚ್ಚು ಬರುತ್ತೀರಿ! ಈ ಸಲ ಬೇರೆ ಕೆಲಸಕ್ಕೆ ಕರೆಯುತ್ತಿದ್ದೇನೆ. ನಿಮ್ಮ ಬೀದಿಯ ಸರ್ಕಾರಿ ಶಾಲೆಗೆ ಹೋಗಿ. ಮುಖ್ಯ ಶಿಕ್ಷಕರಿಗೆ ನಮಸ್ಕಾರ ಹೇಳಿ, ಎಂಟನೇ ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ, ಎನ್‌ಎಂಎಂಎಸ್‌ಗೆ ಎಷ್ಟು ಮಂದಿಯ ಹೆಸರು ಹೋಗಿದೆ, ಮಾಧ್ಯಮದ ಕಾಲಂನಲ್ಲಿ ಕನ್ನಡ ಎಂದೇ ತುಂಬಿದ್ದಾರೆಯೇ, ಕೇಳಿ. ಗಲಾಟೆ ಬೇಡ, ಅವರು ನಮ್ಮವರು. ಒಬ್ಬರು ಇಬ್ಬರು ಮಕ್ಕಳನ್ನು ವಹಿಸಿಕೊಳ್ಳಿ, ಹೆಚ್ಚು ಬೇಡ, ಹೆಚ್ಚಾದರೆ ಕೈಬಿಡುತ್ತೀರಿ.

ಆ ಹುಡುಗಿಯ ತಮ್ಮ ಈ ವರ್ಷ ಎಂಟನೇ ತರಗತಿ. ಕಳೆದ ಭಾನುವಾರ ಅವರ ಮನೆಗೆ ಹೋಗಿದ್ದೆ. ಅಕ್ಕನೇ ಅವನಿಗೆ ಹಳೇ ಪ್ರಶ್ನೆಪತ್ರಿಕೆ ಬರೆಸುತ್ತಿದ್ದಳು, ಗೋಡೆ ಗಡಿಯಾರ ಕೆಳಗಿಳಿಸಿ ಎದುರಿಗಿಟ್ಟುಕೊಂಡು. ಆಧಾರಿನಲ್ಲಿ ಅವನ ಹೆಸರು ತಿದ್ದಿಸಿ ಆಗಿದೆ. ಪಾಸ್‌ಬುಕ್ ಬಂದಿದೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅವಳೇ ದಪ್ಪಕ್ಷರದಲ್ಲಿ ಒಂದು ಮೊಬೈಲ್ ನಂಬರ್ ಬರೆದಿಟ್ಟಿದ್ದಾಳೆ. ಅದು ಅವರ ಅಮ್ಮನದು.